ಸತ್ತ ತೋಳದ ಊಳು

ನಂಬಿಸಲು ನನ್ನ ಬಳಿ ಏನೂ ಇಲ್ಲ. ಆದರೂ ಹೇಳುತ್ತೇನೆ, ಇದು ನಡೆದದ್ದು. ಜೊತೆಗಿದ್ದ ಚಂದನಾಳಿಗೂ ಗೊತ್ತು. ಅವಳಂತೂ ಇದರ ಮಾತೇ ಎತ್ತುವುದಿಲ್ಲ.

ಎಂ.ಎಸ್ಸಿ. ಮುಗಿಸಿದ ನಾವಿಬ್ಬರೂ ಬಟವಾಡಿಯಲ್ಲಿ ರೂಮು ಮಾಡಿಕೊಂಡು, ಹಾಗಲವಾಡಿ ಕಡೆಯ ಹುಲ್ಲುಗಾವಲಿನಲ್ಲಿ ಒಂದು ಸೀಸನ್ನಿನ ಇಂಟರ್ನ್‌ಶಿಪ್ ಮಾಡುತ್ತಿದ್ದೆವು. ತೋಳಗಳನ್ನು ಪತ್ತೆ ಹಚ್ಚುವ ಕೆಲಸ. ಕತ್ತಲಲ್ಲಿ ಸ್ಪೀಕರಿನಲ್ಲಿ ಬೇರೆ ಊರಿನ ತೋಳದ ಊಳು ಹಾಕಬೇಕು; ಇಲ್ಲಿಯವು ಉತ್ತರ ಕೊಟ್ಟರೆ ದಿಕ್ಕು ಗುರುತಿಸಿಕೊಳ್ಳಬೇಕು. ಉತ್ತರ ಬಂದ ಕೂಡಲೇ ನಿಲ್ಲಿಸಬೇಕು. ಈ ಕೆಲಸ ನಡೆಸುತ್ತಿದ್ದ ನಮ್ಮ ಸರ್ ಅದನ್ನು ಒತ್ತಿ ಒತ್ತಿ ಹೇಳಿದ್ದರು.

ಅಲ್ಲೊಂದು ತೋಳದ ಜೋಡಿಯಿತ್ತು. ಹೆಣ್ಣು ರಸ್ತೆ ದಾಟುವಾಗ ಲಾರಿಗೆ ಸಿಕ್ಕಿ ಸತ್ತಿತ್ತು. ಪೊದೆಯ ಕೆಳಗಿನ ಬಿಲದಲ್ಲಿ ಮರಿಗಳಿದ್ದವು. ಗಂಡೇ ಅವಕ್ಕೆ ತಿನ್ನಲು ತರುತ್ತಿತ್ತು. ಕೆಲವು ದಿನಗಳಿಂದ ಅದರ ಸದ್ದೂ ಇರಲಿಲ್ಲ. ಬದುಕಿದೆಯೋ ಇಲ್ಲವೋ ಎಂದು ಸರ್ ಕೇಳುತ್ತಿದ್ದರು. ನನಗೋ ಅವರಿಂದ ಭೇಷ್ ಅನ್ನಿಸಿಕೊಳ್ಳುವ ಹುಚ್ಚು.

ಆ ರಾತ್ರಿ ಎಷ್ಟು ಹಾಕಿದರೂ ಉತ್ತರವಿಲ್ಲ. ಒಣಹುಲ್ಲಿನ ವಾಸನೆ, ರಸ್ತೆಯಲ್ಲಿ ಲಾರಿಗಳ ಸದ್ದು, ಅಷ್ಟೇ. ಸತ್ತ ಹೆಣ್ಣಿನ ಊಳು ನನ್ನ ಮೊಬೈಲಿನಲ್ಲಿತ್ತು. ಅದು ಬದುಕಿದ್ದಾಗ ನಾವೇ ರೆಕಾರ್ಡ್ ಮಾಡಿದ್ದು.

"ಅದನ್ನೇ ಹಾಕ್ತೀನಿ ಕಣೇ," ಅಂದೆ.

"ಬೇಡ ಕಣೇ," ಚಂದನಾ ಪಿಸುಗುಟ್ಟಿದಳು. "ಅದು ಸತ್ತೋಗಿದೆ. ಪಾಪ, ವಾಪಸ್ ಬಂದಿದೆ ಅಂದ್ಕೊಂಡ್ಬಿಡುತ್ತೆ."

"ಒಂದೇ ಸಲ. ಸುಮ್ನಿರು."

ಹಾಕಿದೆ. ರೆಕಾರ್ಡಿಂಗಿನ ಕೊನೆಯಲ್ಲಿ ಚಂದನಾ ಕೆಮ್ಮಿದ್ದೂ ಸೇರಿಕೊಂಡಿತ್ತು. ಆ ಕೆಮ್ಮು ಮುಗಿಯುತ್ತಿದ್ದಂತೆ ಗುಡ್ಡದ ಕಡೆಯಿಂದ ಗಂಡಿನ ಊಳು ಬಂತು... ನನಗೆ ಕುಣಿಯುವಷ್ಟು ಖುಷಿ. ಅಲ್ಲಿಗೆ ನಿಲ್ಲಿಸಬೇಕಿತ್ತು. ಇನ್ನೊಮ್ಮೆ ಹಾಕಿದೆ. ಉತ್ತರ ಹತ್ತಿರದಿಂದ ಬಂತು. ಮತ್ತೆ ಹಾಕಿದೆ.

ಬಂದೇ ಬಿಟ್ಟಿತು. ಟಾರ್ಚಿನ ಕೆಂಪು ಬೆಳಕಿನಲ್ಲಿ ಬಡಕಲು ಮೈ. ನಮ್ಮ ಕಡೆ ನೋಡಲೂ ಇಲ್ಲ. ಸ್ಪೀಕರನ್ನು ಮೂಸಿತು, ಅದರ ಹಿಂದಕ್ಕೆ ಹೋಗಿ ಹುಡುಕಿತು, ಕುಂಯ್ ಅಂದಿತು. ನನಗೆ ನನ್ನ ಮೇಲೇ ಅಸಹ್ಯವಾಯಿತು. ಮೊಬೈಲ್ ಆಫ್ ಮಾಡಿದೆ. ಸ್ಪೀಕರಿನ ದೀಪವೂ ಆರಿತು.

ಆಗ ರಸ್ತೆಯ ಕಡೆಯಿಂದ ಅದೇ ಊಳು ಕೇಳಿಸಿತು. ಅದೇ ಏರು, ಅದೇ ಇಳಿತ. ಕೊನೆಗೆ... ಚಂದನಾಳ ಕೆಮ್ಮು.

ಚಂದನಾ ನನ್ನ ಪಕ್ಕದಲ್ಲೇ ಇದ್ದಳು. ಎರಡೂ ಕೈಯಿಂದ ಬಾಯಿ ಒತ್ತಿಕೊಂಡಿದ್ದಳು. ಆಮೇಲೆ ಕೈ ತೆಗೆದು, "ನಾನಲ್ಲ ಕಣೇ," ಅಂದಳು.

ಗಂಡು ಕಿವಿ ನಿಮಿರಿಸಿ ರಸ್ತೆಯತ್ತ ಓಡಿತು. ನಾವು ಕೂಗುತ್ತಾ ಹಿಂದೆ ಓಡಿದೆವು. ಲಾರಿಯೊಂದು ಹಾದುಹೋಯಿತು. ನಾವು ತಲುಪಿದಾಗ ಡಾಂಬರಿನ ಮೇಲೆ ರಕ್ತವಿರಲಿಲ್ಲ, ಆಚೆ ಮಣ್ಣಿನಲ್ಲಿ ಹೆಜ್ಜೆ ಗುರುತಿರಲಿಲ್ಲ. ಆಮೇಲೆ ಅದನ್ನು ಯಾರೂ ನೋಡಿಲ್ಲ.

ಬೆಳಿಗ್ಗೆ ಸರ್‌ಗೆ ಎಲ್ಲವನ್ನೂ ಹೇಳಿದೆ. ಬೈಯಲಿಲ್ಲ, ಬೈದಿದ್ದರೆ ಹಗುರವಾಗುತ್ತಿತ್ತು. ಮರಿಗಳನ್ನು ಒಯ್ಯಲು ಅರಣ್ಯ ಇಲಾಖೆಯವರು ಮಾರನೆಯ ದಿನ ಬರುವುದೆಂದಾಯಿತು. "ಇವತ್ತೊಂದು ರಾತ್ರಿ ನೀವಿಬ್ರೂ ನೋಡ್ಕೊಳ್ರಮ್ಮ," ಅಂದರು ಸರ್. ರೆಕಾರ್ಡಿಂಗನ್ನು ನಾನು ಆಗಲೇ ಅಳಿಸಿಹಾಕಿದ್ದೆ.

ಬಿಲದ ಹತ್ತಿರ ಕಾಯುತ್ತಾ ಕೂತೆವು. ಕತ್ತಲಾಯಿತು. ಹಸಿದ ಮರಿಗಳು ಹೊರಗೆ ಬಂದವು. ರಸ್ತೆಯ ಕಡೆಯಿಂದ ತಾಯಿ ಕರೆಯಿತು...

ಮರಿಗಳು ಬಾಲ ಆಡಿಸುತ್ತಾ ಅತ್ತ ಹೊರಟವು. ನಾವು ಅಡ್ಡ ನಿಂತು ತಡೆದೆವು. ರಾತ್ರಿಯಿಡೀ ಅದು ಕರೆಯುತ್ತಲೇ ಇತ್ತು, ಇವು ನಮ್ಮ ಕಾಲಸಂದಿಯಲ್ಲಿ ನುಸುಳಲು ನೋಡುತ್ತಲೇ ಇದ್ದವು. ಇಬ್ಬರೂ ಕಣ್ಣು ಮುಚ್ಚಲಿಲ್ಲ, ಆಣೆ ಮಾಡಿ ಹೇಳುತ್ತೇನೆ.

ಬೆಳಕು ಹರಿದಾಗ ಒಂದು ಮರಿ ಇರಲಿಲ್ಲ. ಅದನ್ನು ಕರೆದದ್ದು ಅದರ ತಾಯಿಯೋ, ನಾನೋ, ನನಗೆ ಈಗಲೂ ಗೊತ್ತಿಲ್ಲ.