ಕಾಕಾನ ಗಾಜಿನ ಕೊಳವಿ

ಎರಿ ಮಣ್ಣಿಗಿ ನೀರು ಬಿದ್ದ ವಾಸನಿ ಮೂಗಿಗಿ ಬಡಿದ್ರ ಸಾಕು, ನಾ ಇವತ್ತಿಗೂ ಶಹಾಪುರದ ಆ ಮನಿ ಪಡಸಾಲ್ಯಾಗೇ ಹೋಗಿ ನಿಲ್ತೀನಿ. ನಿಮಗೂ ಅಂಥಾದೊಂದು ಮನಿ ಇದ್ದೀತು, ಈಗ ಇರಲಿಕ್ಕಿಲ್ಲ. ನಮ್ಮದು ಕಲ್ಲಿನ ಗ್ವಾಡಿ, ಮಣ್ಣಿನ ಮಾಳಿಗಿ, ಒಳಗ ಕಾಕಾನ ಹೆಂಡ್ತಿ ಚಿಗವ್ವ ಬಡಿಯೋ ರೊಟ್ಟಿ ಸಪ್ಪಳ. ಕಿಡಕಿ ಉದ್ದಕ್ಕೂ ಸಾಲಾಗಿ ನಿಂತ ಗಾಜಿನ ಕೊಳವಿ, ಅದರ ತುಂಬ ಹಸಿ ಮಣ್ಣು. ಕಾಕಾ ಅಲ್ಲಿನ ಕಾಲೇಜಿನ್ಯಾಗ ಭೌತ ರಸಾಯನಶಾಸ್ತ್ರ ಕಲಸ್ತಿದ್ದ. ನಾ ಕೆಂಭಾವಿಯಿಂದ ಸಾಲಿ ಕಲಿಯಾಕ ಅವನ ಮನಿಗಿ ಬಂದಾಕಿ. ಆಗ ಕಾಲುವಿ ನೀರು ಹೊಸದು. ಭೀಮರಾಯನಗುಡಿ ನೀರಾವರಿ ಕ್ಯಾಂಪಿನ ಜೀಪು ಧೂಳೆಬ್ಬಿಸಿ ಓಡಾಡ್ತಿದ್ವು, ಮಂದಿ ನೆಲ್ಲು ಹಚ್ಚಿ ಹಿಗ್ಗಿದ್ರು. ಸ್ವಲ್ಪ ವರ್ಷದಾಗ ತಗ್ಗಿನ ಹೊಲದಾಗ ಬೆಳ್ಳಗ ಉಪ್ಪು ಎದ್ದಿತು. ಕಾಕಾಗ ಅದೇ ಹುಚ್ಚು ಹಿಡೀತು. ಊರೂರಿನ ಎರಿ ಮಣ್ಣು ತಂದು ಕೊಳವಿಗಿ ತುಂಬಿ, ಬುಡ ನೀರಾಗ ಇಟ್ಟು, ಯಾವ ಉಪ್ಪು ಎಲ್ಲಿತನಕ ಏರತದ ಅಂತ ನೋಡ್ತಾ ಕೂಡಂವ. "ನೀರು ಒಂದೇ ಏರೂದಿಲ್ಲ ಮಗಳ, ಉಪ್ಪನ್ನೂ ಕರಕೊಂಡು ಹೊಂಟದ. ದಾರ್ಯಾಗ ಮಣ್ಣು ಒಂದೊಂದನ್ನ ಹಿಡದು ಕುಂದ್ರಸ್ತದ" ಅನ್ನಂವ. ಅವನ ಕೈಕೆಳಗ ಕಲಿತ ಹುಡುಗರು ಕುರಿ ಕಾಯೋರ ಮಕ್ಕಳು, ಕೂಲಿಯವರ ಮಕ್ಕಳು. ಮಣ್ಣು ಜರಡಿ ಹಿಡದು, ನಮ್ಮನ್ಯಾಗೇ ಉಂಡು ಹೋಗ್ತಿದ್ರು. ಚಿಗವ್ವ ಕಸಬರಿಗಿ ಹಿಡದು, "ಈ ಕೊಳವಿಗೋಳು ನನ್ನ ಸವತ್ಯಾರು" ಅಂತ ಬೈತಾ ಅವನ್ನ ದಾಟಿ ಕಸ ಹೊಡೀತಿದ್ಲು.

ನಮ್ಮ ಮನ್ಯಾಗ ಒಂದು ರೂಢಿ ಇತ್ತು. ಬಂದವರು ಏನರ ನೋಡಿ 'ಚಂದ ಅದ' ಅಂದ್ರ, ಅದನ್ನ ಅವರ ಕೈಗಿ ಕೊಟ್ಟೇ ಕಳಸೂದು. ಕಾಕಾಗ ಹಿಂದ ಕಲಿಸಿದ ದೊಡ್ಡ ಪ್ರೊಫೆಸರ್ ಒಬ್ಬ ಒಮ್ಮಿ ಮನಿಗಿ ಬಂದ. ಹೊಟ್ಟಿ ತುಂಬ ಉಂಡ. ಹಾಸಿದ್ದ ಕೌದಿ ಚಂದ ಅದ ಅಂದ; ಚಿಗವ್ವ ಮಡಚಿ ಕೊಟ್ಲು. ಕೆಂಭಾವಿ ಮಣ್ಣಿನ ಕೊಳವಿ, ಬಳಿ ತೊಡಿಸಿದಂಗ ಬಿಳಿ ಉಪ್ಪಿನ ಪಟ್ಟಿ ಮೂಡಿದ್ದು, ಚಂದ ಅದ ಅಂದ. ಕಾಕಾ ಅದನ್ನ ಅದೇ ಕೌದ್ಯಾಗ ಸುತ್ತಿ ಕೊಟ್ಟ, ತಾ ಕಂಡಿದ್ದೆಲ್ಲಾ ಬಿಡಿಸಿ ಹೇಳಿದ. ಆ ಹರಾಮಖೋರ ಅದನ್ನೆಲ್ಲಾ ವಿಜ್ಞಾನ ಪತ್ರಿಕ್ಯಾಗ ತನ್ನ ಹೆಸರಲೇ ಅಚ್ಚು ಹಾಕಿಸಿಕೊಂಡ. ಕೊಳವಿ ಚಿತ್ರ ಇತ್ತು, ಕಾಕಾನ ಹೆಸರು ಎಲ್ಲೂ ಇರಲಿಲ್ಲ. ಮುಂದ ಪಠ್ಯಪುಸ್ತಕದಾಗೂ ಆ ಶೋಧಕ್ಕ ಪ್ರೊಫೆಸರನ ಹೆಸರೇ ಕೂತಿತು. "ಕೊಟ್ಟದ್ದನ್ನ ಹೆಂಗ ಕೇಳ್ಲಿ?" ಅಂದ ಕಾಕಾ, ಮತ್ತ ಆ ಮಾತೇ ಎತ್ತಲಿಲ್ಲ. ಚಿಗವ್ವ ಬಿಡಲಿಲ್ಲ. "ಅವನ ಬಾಯಾಗ ಮಣ್ಣ ಹಾಕ! ನೀ ಓದು. ಓದಿ ಆ ಕೊಳವಿ ಮನಿಗಿ ತಾ" ಅಂದ್ಲು. ನಾ ರಸಾಯನಶಾಸ್ತ್ರ ಓದಿದ್ದು ಪ್ರೀತಿಲೆ ಅಲ್ರಿ, ಸಿಟ್ಟಿಲೆ.

ಕಾಕಾ ಹೋದ. "ಕೊಳವಿ ಬಂತೇನ?" ಅಂತ ಕೇಳ್ಕೋತ ಚಿಗವ್ವನೂ ಹೋದ್ಲು. ಅದೇ ಉಪ್ಪು ನಮ್ಮ ಗ್ವಾಡಿಗೂ ಏರಿ, ಕಲ್ಲಿನ ನಡುವಿನ ಮಣ್ಣು ತಿಂದು, ಒಂದು ಮಳಿಗಾಲಕ್ಕ ಮನಿ ಕುಸಿದು ಕುಂತಿತು. ಆಮೇಲೆ, ನಾನೂ ಕಾಲೇಜಿನ್ಯಾಗ ರಸಾಯನಶಾಸ್ತ್ರ ಕಲಸಾಕ ನಿಂತ ಮ್ಯಾಲ, ಆ ಪ್ರೊಫೆಸರನ ಸನ್ಮಾನಕ್ಕ ನಾಕು ಮಾತಾಡಾಕ ನನ್ನ ಕರದ್ರು. ವೇದಿಕಿ ಮ್ಯಾಲ ಗಾಜಿನ ಪೆಟ್ಟಿಗ್ಯಾಗ ನಮ್ಮ ಕೊಳವಿ! ನಾ ಮೈಕ್ ಹಿಡದು ಅಂದೆ: "ಸರ್, ಈ ಕೊಳವಿ ಭಾಳ ಚಂದ ಅದರಿ. ಚಂದ ಅಂದವರಿಗಿ ಕೊಡೂದು ನಮ್ಮ ಮನಿ ರೂಢಿ. ಶಹಾಪುರದಾಗ ನೀವು ಅಂದ್ರಿ, ನಮ್ಮ ಕಾಕಾ ಕೊಟ್ಟ. ಇವತ್ತ ನಾ ಅಂದೇನಿ. ಕೊಡ್ರಿ."

ಮುಂದಿನ ಸಾಲಿನ್ಯಾಗ ತಲಿ ಬೆಳ್ಳಗಾದವರೊಬ್ಬರು ಎದ್ದು ನಿಂತ್ರು. "ಅದು ಶಹಾಪುರದ ನಮ್ಮ ಸರ್‌ದು. ಅದಕ್ಕ ಮಣ್ಣು ಜರಡಿ ಹಿಡದಾಂವ ನಾನು" ಅಂದ್ರು. ಅವರ ಹಿಂದ ಮತ್ತೊಬ್ಬರು, ಅಲ್ಲೊಬ್ಬರು, ಇಲ್ಲೊಬ್ಬರು ಎದ್ರು. ಎಲ್ಲಾ ಚಿಗವ್ವನ ರೊಟ್ಟಿ ಉಂಡ ಹುಡುಗರು, ಈಗ ತಾವೇ ಪ್ರೊಫೆಸರ್ ಆದವರು. ಸನ್ಮಾನದ ಮುದುಕ ಪೆಟ್ಟಿಗಿ ತೆಗೆದು ಕೊಳವಿ ನನ್ನ ಕೈಗಿ ಕೊಟ್ಟ. ನನಗ ಪಾಪ ಅನಸಲಿಲ್ಲ. ಹೊಟ್ಟಿ ತಣ್ಣಗಾಯ್ತು.

ಕೊಳವಿ ಈಗ ನನ್ನ ಮೇಜಿನ ಮ್ಯಾಲ ಅದ. ಮಣ್ಣು ಒಣಗಿ ಬಿರಕು ಬಿಟ್ಟದ, ಬಿಳಿ ಪಟ್ಟಿ ಇದ್ದಲ್ಲೇ ಅವ. ಎಂದರ ಎರಡು ಹನಿ ನೀರು ಬಿಡ್ತೀನಿ; ವಾಸನಿ ಏಳತದ, ಚಿಗವ್ವನ ಕಸಬರಿಗಿ ಸಪ್ಪಳ ಕೇಳಿದಂಗ ಆಗತದ. ನನ್ನ ಕಡಿ ಕಲಿಯಾಕ ಬಂದ ಹುಡುಗರು ಅದನ್ನ ನೋಡಿ, "ಎಷ್ಟು ಚಂದ ಅದರಿ ಮೇಡಂ" ಅಂತಾರ. "ಹೌದಪಾ, ಚಂದ ಅದ" ಅಂತೀನಿ. ಕಾಕಾ ಇದ್ದಿದ್ರ ಆಗಲೇ ಕೌದಿ ಹುಡುಕ್ತಿದ್ದ. ಆ ಮನಿ ರೂಢಿ ನನ್ನ ಕೈಲೇ ಮುಗೀತು. ನಾ ಕೊಡೂದಿಲ್ಲ.