ಮೊದಲು ನಿಮ್ಮ ಹೆಸರು

ವಿಮಾನ ಕಂಪನಿಯ ಟಿಕೆಟ್ ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಕೂತವಳನ್ನು ಎಲ್ಲರೂ ಟಿಕೆಟ್ ಅಕ್ಕ ಎಂದೇ ಕರೆಯುತ್ತಿದ್ದರು. ಅವಳದೊಂದು ಪದ್ಧತಿ. ಯಾರೇ ಬರಲಿ, "ಮೊದಲು ನಿಮ್ಮ ಹೆಸರು ಹೇಳಿ, ಹೋಗೋರ ಹೆಸರು ಆಮೇಲೆ" ಎನ್ನುತ್ತಿದ್ದಳು. ಬಂದವರ ಹೆಸರು, ಫೋನ್ ನಂಬರು ಒಂದು ಉದ್ದನೆಯ ಪುಸ್ತಕಕ್ಕೆ ಹೋಗುತ್ತಿತ್ತು. ವಿಮಾನ ತಡವಾದರೆ ತಾನೇ ಫೋನ್ ಮಾಡಿ ತಿಳಿಸುತ್ತಿದ್ದಳು. ಹಾಗೆ ಮಾಡು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಆಮೇಲೆ ಬುಕಿಂಗ್ ಎಲ್ಲ ಆನ್‌ಲೈನ್ ಆಯಿತು. ಐದು ಕೌಂಟರಿನಲ್ಲಿ ನಾಲ್ಕನ್ನು ಮುಚ್ಚಿದರು. ಉಳಿದೊಂದರಲ್ಲಿ ಅವಳನ್ನು ಕೂರಿಸಿ, ಟಿಕೆಟ್ ತಿದ್ದುವ ಅಧಿಕಾರ ಕಿತ್ತುಕೊಂಡು, 'ಸಹಾಯಕಿ' ಎಂದು ಬರೆದ ಬಿಲ್ಲೆ ಕೊಟ್ಟರು. ಏನು ಸಹಾಯವೋ, ಮಣ್ಣೋ! ಜನರ ಫೋನನ್ನು ಜನರಿಗೇ ತೋರಿಸಿ, ಇಲ್ಲಿ ಒತ್ತಿ, ಅಲ್ಲಿ ಒತ್ತಿ ಎನ್ನುವುದು. ಮೊದಮೊದಲು ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಈಗ ಏನೂ ಅನ್ನಿಸುವುದಿಲ್ಲ.

ಒಂದು ಮಧ್ಯಾಹ್ನ ಪಕ್ಕದ ಬೀದಿಯ ದರ್ಜಿ ಹೆಂಡತಿಯನ್ನು ಕರೆದುಕೊಂಡು ಓಡೋಡಿ ಬಂದ. ಹೆಂಡತಿಯ ಅಕ್ಕ ದೂರದ ಊರಿನ ಆಸ್ಪತ್ರೆಯಲ್ಲಿ ಮಲಗಿದ್ದಳು, ನಾಳೆಯವರೆಗೆ ಉಳಿದರೆ ಹೆಚ್ಚು ಎಂದಿದ್ದರು ಡಾಕ್ಟರು. ಸಂಜೆಯ ವಿಮಾನದಲ್ಲಿ ಉಳಿದಿದ್ದ ಒಂದೇ ಸೀಟನ್ನು ದರ್ಜಿ ತಾನೇ ಫೋನಿನಲ್ಲಿ ಬುಕ್ ಮಾಡಿದ್ದ.

"ಅಕ್ಕಾ, ಇದರಲ್ಲಿ ನನ್ನ ಹೆಸರು ಬಂದ್ಬಿಟ್ಟಿದೆ. ಹೋಗ್ಬೇಕಾದವಳು ಇವಳು."

"ನಿಮ್ಮ ಹೆಸರು ಯಾಕೆ ಹಾಕಿದ್ರಿ?"

"ಹೆಸರು ಅಂತ ಕೇಳ್ತು. ನೀವು ಯಾವಾಗ್ಲೂ ಮೊದಲು ನನ್ನ ಹೆಸರೇ ಕೇಳ್ತಿದ್ರಲ್ಲ. ಇವಳದ್ದು ಆಮೇಲೆ ಕೇಳುತ್ತೆ ಅಂದ್ಕೊಂಡೆ. ಕೇಳ್ಲೇ ಇಲ್ಲ."

ಟಿಕೆಟ್ ಅಕ್ಕನ ಕೈ ಕೀಬೋರ್ಡಿನ ಮೇಲೆ ಹೋಗಿ ಅಲ್ಲೇ ನಿಂತಿತು. ಹಿಂದೆ ಎರಡು ನಿಮಿಷದ ಕೆಲಸ. ಕೊನೆಗೆ ಎಲ್ಲರ ಹಾಗೆ ಅವಳೂ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದಳು. ಒಂದು ಒತ್ತಿ, ನಾಲ್ಕು ಒತ್ತಿ, ಕಾಯಿರಿ. ಮುಕ್ಕಾಲು ಗಂಟೆ ಸಂಗೀತ ಕೇಳಿಸಿದ ಮೇಲೆ ಒಂದು ಹೆಣ್ಣು ದನಿ ಬಂತು.

"ಒಬ್ಬರ ಟಿಕೆಟ್ ಇನ್ನೊಬ್ಬರ ಹೆಸರಿಗೆ ಆಗಲ್ಲ ಮೇಡಂ. ರದ್ದು ಮಾಡಿದ್ರೆ ಸೀಟು ಕಾಯ್ತಾ ಇರೋರಿಗೆ ಹೋಗುತ್ತೆ."

"ನಾನೂ ಇದೇ ಕಂಪನಿಯವಳಮ್ಮಾ. ಇಪ್ಪತ್ತಾರು ವರ್ಷ ಆಯ್ತು."

"ಬೇರೆ ಏನಾದ್ರೂ ಸಹಾಯ ಬೇಕಾ ಮೇಡಂ?"

ಅವಳು ಫೋನ್ ಇಟ್ಟಳು. ಅಳು ಬರಬೇಕಿತ್ತು, ಬರಲಿಲ್ಲ. ನಾನು ಕಲಿಸಿದ್ದೇ ಇವನಿಗೆ ಮುಳುವಾಯಿತಲ್ಲ ಎಂದುಕೊಂಡಳು. ಅದೂ ಬೇರೆ ಯಾರದೋ ಸುದ್ದಿಯೆಂಬಂತೆ ಬಂದು ಹೋಯಿತು.

ದರ್ಜಿ ತಲೆ ಮೇಲೆ ಕೈ ಹೊತ್ತು ಕೂತ. ಹೆಂಡತಿ ಅವನ ತೋಳು ಹಿಡಿದೆಳೆದಳು.

"ಏಳಿ, ಹೊತ್ತಾಗುತ್ತೆ. ನೀವೇ ಹೋಗಿ."

"ನಾನು ಹೋಗಿ ಏನು ಮಾಡ್ಲಿ?"

"ನಮ್ಮಕ್ಕನಿಗೀಗ ಕಣ್ಣು ಕಾಣಲ್ವಂತೆ. ಸುಮ್ನೆ ಕೈ ಹಿಡ್ಕೊಳ್ಳಿ, ಮಾತಾಡ್ಬೇಡಿ. ನಾನೇ ಅಂದ್ಕೊಳ್ಳಲಿ."

ತನ್ನ ಉಂಗುರ ತೆಗೆದು ಅವನ ಕಿರುಬೆರಳಿಗೆ ತೂರಿಸಿದಳು. ಅದು ಅರ್ಧಕ್ಕೇ ನಿಂತಿತು.

ಟಿಕೆಟ್ ಅಕ್ಕ ಡ್ರಾಯರಿನಿಂದ ಹಳೆಯ ಉದ್ದನೆಯ ಪುಸ್ತಕ ತೆಗೆದು ಹೆಂಡತಿಯ ಕಡೆ ತಿರುಗಿದಳು.

"ನಿಮ್ಮ ಹೆಸರು ಹೇಳಿ, ಅಮ್ಮಾ. ನಂಬರೂ ಹೇಳಿ. ವಿಮಾನ ತಡ ಆದ್ರೆ ಫೋನ್ ಮಾಡ್ತೀನಿ."

ಅವಳು ಹೇಳಿದಳು, ಇವಳು ಬರೆದುಕೊಂಡಳು.

ವಿಮಾನ ಸರಿಯಾದ ಹೊತ್ತಿಗೇ ಹೊರಟಿತು. ಫೋನ್ ಮಾಡುವ ಕೆಲಸ ಬೀಳಲಿಲ್ಲ.