ಹಗೇವಿನ ಶವ ಮತ್ತು ನನ್ನ ಒಂದು ತಲೆಬರಹ

ಎರಡು ಸಾವಿರದ ಆಸುಪಾಸು. ನಾನು ಹುಬ್ಬಳ್ಳಿಯ ಒಂದು ದಿನಪತ್ರಿಕೆಯಲ್ಲಿ ಜಿಲ್ಲಾ ಪುಟ ನೋಡಿಕೊಳ್ಳುತ್ತಿದ್ದೆ. ಶಿರಗುಪ್ಪಿ ಕಡೆಯ ಹಳ್ಳಿಯೊಂದರಲ್ಲಿ ಮನೆಗೆ ಪಾಯ ತೋಡುವಾಗ ಹಳೆಯ ಹಗೇವು ಬಾಯಿ ತೆರೆಯಿತು. ಹಗೇವು ಎಂದರೆ ಜೋಳ ತುಂಬಿಡುವ ನೆಲದಡಿಯ ಕಣಜ. ಗರಸು ನೆಲದಲ್ಲಿ ತೋಡಿ, ಸುತ್ತ ಹುಲ್ಲು ಕಟ್ಟಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಒಳಗೆ ಗಾಳಿಯೂ ಹೋಗದು, ಪಸೆಯೂ ಇಳಿಯದು. ಇದರಲ್ಲಿ ಜೋಳ ಇರಲಿಲ್ಲ. ಒಬ್ಬ ಮನುಷ್ಯನನ್ನು ಕೂರಿಸಿದ್ದರು. ದೇಹ ಕೊಳೆತಿರಲಿಲ್ಲ, ಒಣಗಿತ್ತು. ತೊಗಲು ಎಲುಬಿಗೆ ಅಂಟಿ ಹಳೆಯ ಚಪ್ಪಲಿಯ ಬಣ್ಣಕ್ಕೆ ಬಂದಿತ್ತು.

ಗಂಟುಬೇನೆಯ, ಅಂದರೆ ಪ್ಲೇಗಿನ ಕಾಲದಲ್ಲಿ ಹೊರುವವರಿಲ್ಲದೆ ಇಲ್ಲೇ ಇಳಿಸಿರಬೇಕು ಎಂದು ಊರ ಹಿರಿಯರು ಹೇಳಿದರು. ಶವವನ್ನು ಮೇಲೆತ್ತಿದವರು ಆ ಜಾಗದ ಯಜಮಾನರೇ, ಐವತ್ತು ದಾಟಿದ ರೈತರು.

ನಾನು ಧಾರವಾಡದ ಕಾಲೇಜೊಂದರಲ್ಲಿ ಸೂಕ್ಷ್ಮಜೀವಿ ವಿಜ್ಞಾನ ಕಲಿಸುವ ಅಧ್ಯಾಪಕಿಗೆ ಫೋನ್ ಮಾಡಿದೆ. ಇಷ್ಟು ಒಣಗಿದ ದೇಹವಾದರೆ ಹಲ್ಲಿನೊಳಗೆ ಆ ರೋಗಾಣುವಿನ ಡಿಎನ್‌ಎ ಉಳಿದಿರಬಹುದು ಎಂದರು. ತಲೆಬರಹದಲ್ಲಿ ಇಂಗ್ಲಿಷ್ ಕೂಡದು ಎಂಬುದು ನಮ್ಮ ಕಚೇರಿಯ ನಿಯಮ. ‘ಹಗೇವಿನ ಶವದಲ್ಲಿ ಗಂಟುಬೇನೆಯ ವಂಶವಾಹಿ?’ ಎಂದು ಬರೆದೆ. ಪ್ರಶ್ನಾರ್ಥಕ ಚಿಹ್ನೆ ಹಾಕಿದರೆ ಹೊಣೆ ಮುಗಿಯಿತು ಎಂಬ ಭಾವನೆ.

ಮೂರನೆಯ ದಿನ ಆ ರೈತರು ಕಚೇರಿಗೆ ಬಂದು ಬಾಗಿಲ ಹೊರಗೇ ನಿಂತರು.

“ಒಳಗ ಬರ್ರಿ ಕಾಕಾ.”

“ಬ್ಯಾಡ್ರಿ. ನನ್ನ ವಂಶಕ್ಕೆಲ್ಲಾ ಬ್ಯಾನಿ ಅಂತ ನೀವ ಬರದೀರಲ್ಲ.”

“ಹಂಗ ಎಲ್ಲಿ ಬರದೇನ್ರಿ?”

ಮಡಚಿದ ಪತ್ರಿಕೆ ಬಿಚ್ಚಿ ಬೆರಳಿಟ್ಟರು. “ವಂಶ. ವಾಹಿ. ವಂಶದಾಗ ಹರಕೊಂಡು ಹೋಗೂದು ಅಂತ ಸಾಲಿ ಮಾಸ್ತರ್ರು ಬಿಡಿಸಿ ಹೇಳ್ಯಾರ. ಮನ್ಯಾಗ ಮಗಳು ಬಾಣಂತಿ ಅದಾಳ್ರಿ. ಪೇಪರ್ ಬಂದಾಗಿಂದ ನಮ್ಮಾಕಿ ನನ್ನ ದನದ ಕೊಟ್ಟಿಗ್ಯಾಗ ಇಟ್ಟಾಳ. ಕೂಸಿನ ಮುಟ್ಟಗೊಟ್ಟಿಲ್ಲ. ನಾಡಿದ್ದು ತೊಟ್ಟಲದಾಗ ಹಾಕೂದೈತಿ.”

ಆ ಅಧ್ಯಾಪಕಿಯ ಬಾಯಿಂದಲೇ ಕೇಳಿಸೋಣ ಎಂದು ಆಗಲೇ ಧಾರವಾಡದ ಬಸ್ಸು ಹತ್ತಿದೆವು. ಅವರು ಹಿಂದಿನ ಸೀಟಿನಲ್ಲಿ ಒಬ್ಬರೇ ಕುಳಿತರು. ಬೈರಿದೇವರಕೊಪ್ಪ ದಾಟುವಾಗ ಕೇಳಿದರು: “ಅವರೂ ಬ್ಯಾನಿ ಐತಿ ಅಂದ್ರ?” “ಅವರನ್ನ ಕೇಳೂಣ ಬರ್ರಿ” ಎಂದೆ.

ಅಧ್ಯಾಪಕಿ ಮೊದಲು ಜ್ವರ, ಗಂಟು ಏನಾದರೂ ಬಂದಿದೆಯೇ ಎಂದು ವಿಚಾರಿಸಿದರು. ಇಲ್ಲ ಎಂದ ಮೇಲೆ ಕುರ್ಚಿ ಸರಿಸಿ ಕೂರಿಸಿದರು.

“ಇದ್ದರೂ ಆ ಕ್ರಿಮಿ ಸತ್ತು ಎಷ್ಟೋ ವರ್ಷ ಆತ್ರಿ. ಉಳದ್ರ ಅದರ ಚೂರು ಉಳದಿರತಾವ. ಯಾವ ಕ್ರಿಮಿ ಅಂತ ಗುರ್ತು ಹಿಡೀಬಹುದು, ಅಷ್ಟ. ಅದು ಮತ್ತ ಎದ್ದು ಬರೂದಿಲ್ಲ.”

ರೈತರು ಎರಡು ಬೆರಳು ಉಜ್ಜಿ ತೋರಿಸಿದರು. “ಅಂದ್ರ ಹಿಟ್ಟು ಇದ್ದಂಗ ಅನ್ರಿ ಅಕ್ಕಾರ. ನೋಡಿದ್ರ ಜ್ವಾಳದ್ದೋ ಗೋದಿದೋ ಗೊತ್ತಾಗತೈತಿ. ಬಿತ್ತಿದ್ರ ಹುಟ್ಟಂಗಿಲ್ಲ.”

“ಅಯ್ಯ, ಇಷ್ಟು ವರ್ಷ ನನಗ ಇದು ಹೊಳೀಲಿಲ್ಲ ನೋಡ್ರಿ!” ಎಂದು ಅಧ್ಯಾಪಕಿ ನಕ್ಕರು. ಆಮೇಲೆ ನನ್ನತ್ತ ತಿರುಗಿದರು. “ನಾ ಡಿಎನ್‌ಎ ಅಂದಿದ್ದೆ. ಹಂಗ ಬಿಟ್ಟಿದ್ರ ಯಾರಿಗೂ ತಿಳೀತಿರಲಿಲ್ಲ, ಯಾರೂ ಅಂಜತಿರಲಿಲ್ಲ.”

ಹಿಂದಿರುಗುವಾಗ ರೈತರು ನನ್ನ ಪಕ್ಕದಲ್ಲೇ ಕುಳಿತರು. “ನನ್ನ ಬಾಯಿ ಮಾತು ನಮ್ಮಾಕಿ ನಂಬಂಗಿಲ್ರಿ. ಪೇಪರದಾಗ ಬರಬೇಕು. ಹಿಟ್ಟು ಅಂತ ಬರೀರಿ.”

ತಿದ್ದುಪಡಿಗೆ ನಮ್ಮಲ್ಲಿ ಪುಟದ ಅಡಿಯ ಎರಡು ಸಾಲು ಮೀಸಲು. ನಾನು ಮೊದಲ ತಲೆಬರಹ ಇದ್ದ ಜಾಗದಲ್ಲೇ, ಅದೇ ಅಳತೆಯ ಅಕ್ಷರದಲ್ಲಿ ಹಾಕಿದೆ: ‘ಹಗೇವಿನ ಶವದಿಂದ ರೋಗ ಹರಡದು, ಅದು ಬೀಜವಲ್ಲ, ಹಿಟ್ಟು’. ಸಂಪಾದಕರು “ಇದೇನ್ರಿ, ಗಿರಣಿ ಜಾಹೀರಾತೇನು?” ಎಂದರೂ ತೆಗೆಸಲಿಲ್ಲ.

ಶವವನ್ನು ಯಾರೂ ಪರೀಕ್ಷೆಗೆ ಕಳುಹಿಸಲಿಲ್ಲ. ಪೊಲೀಸರ ಪಂಚನಾಮೆ ಮುಗಿದ ಮೇಲೆ ಊರವರು ಮಣ್ಣು ಮಾಡಿದರು. ಅದು ಗಂಟುಬೇನೆಯೇ ಆಗಿತ್ತೇ, ಇವತ್ತಿಗೂ ಗೊತ್ತಿಲ್ಲ.

ತೊಟ್ಟಿಲ ದಿನ ಸಂಜೆ ಫೋನ್ ಬಂತು. ಹಿಂದೆ ಹೆಂಗಸರ ಗದ್ದಲ, ಕೂಸಿನ ಅಳು.

“ಕೊಟ್ಟಿಗಿ ಬಿಟ್ಟೇನ್ರಿ. ಕೂಸು ನನ್ನ ತೊಡಿ ಮ್ಯಾಲ ಐತಿ.”

“ಮನ್ಯಾಗ ಏನಂದ್ರು?”

“ಮುಂಜಾನೆ ನಾ ಒಂದ ಸಲ ಸೀನಿದ್ನಿ. ‘ಬೀಜೋ, ಹಿಟ್ಟೋ?’ ಅಂದ್ಲರಿ.”